ಗುರುವಾರದ ನೊರೆ

ನವೆಂಬರ್ 4, ಮಂಗಳವಾರ

‘ಹೊಂದಿಕೊಂಡು ಹೋಗಬೇಕಮ್ಮ’ ಎಂದು ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿದ್ದರು. ನಾನು ಹಂದಿಕೊಂಡು ಹೋದೆ. ಹತ್ತೊಂಬತ್ತು ವರ್ಷವಾಯಿತು. ಹಂದಿ ಏನು ತಿನ್ನಬೇಕೆಂದು ಬರೆದುಕೊಡುವುದು, ತಿಂದ ಮೇಲೆ ಏನಾಯಿತೆಂದು ಅಳೆಯುವುದು ನನ್ನ ಉದ್ಯೋಗ. ಮುಂಬಾಗಿಲಲ್ಲಿ ಹೋದದ್ದಕ್ಕೂ ಹಿಂಬಾಗಿಲಲ್ಲಿ ಬಂದದ್ದಕ್ಕೂ ಲೆಕ್ಕ ಕೂಡಬೇಕು. ಕೂಡದಿದ್ದರೆ ಒಂದೋ ಹಂದಿ ಸುಳ್ಳು ಹೇಳುತ್ತಿದೆ, ಇಲ್ಲವೇ ನಾನು. ಹಂದಿ ಇವತ್ತಿನವರೆಗೂ ಹೇಳಿಲ್ಲ.

ಇವತ್ತು ಹೊಸ ಪ್ರಯೋಗ ಶುರು. ಒಂದನೇ ಶೆಡ್ಡಿನ ಮರಿಗಳಿಗೆ ಹಳೆಯ ಮೇವು, ಅಂದರೆ ಜೋಳ, ಸೋಯಾ. ಎರಡನೇ ಶೆಡ್ಡಿನವಕ್ಕೆ ಮೂರರಲ್ಲೊಂದು ಪಾಲು ಮದ್ಯದ ಕಾರ್ಖಾನೆಯಿಂದ ಬಂದ ಧಾನ್ಯದ ಚರಟ. ಸಾರ ಯಾರೋ ಕುಡಿದಿದ್ದಾರೆ, ನಾರು ಮತ್ತು ಎಣ್ಣೆಯಂಶ ನಮ್ಮ ಮರಿಗಳಿಗೆ. ಆ ನಾರು ಹಂದಿಯ ಹೊಟ್ಟೆಯಲ್ಲಿ ಪೂರ್ತಿ ಕರಗುವುದಿಲ್ಲ; ನೆಲದ ಸಂದಿಗಳಿಂದ ಕೆಳಗಿನ ಗುಂಡಿಗೆ ಬೀಳುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವಾಣುಗಳು ಎರಡನೇ ಪಂಕ್ತಿಗೆ ಕೂರುತ್ತವೆ. ಅವು ಉಂಡು ತೇಗಿದ್ದೇ ಮೀಥೇನ್. ನನ್ನ ಲೆಕ್ಕದ ಪ್ರಕಾರ ಎರಡನೇ ಶೆಡ್ಡು ಒಂದನೆಯದರ ಒಂದೂವರೆ ಪಟ್ಟು ತೇಗಬೇಕು. ನಮ್ಮ ಸಂಸ್ಥೆಯ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ‘ದೊಡ್ಡವರು’, ಹಾಗಾಗಬಾರದೆಂದು ಆಸೆಪಟ್ಟಿದ್ದಾರೆ. ಆಸೆಯನ್ನು ಮೆಮೊ ರೂಪದಲ್ಲಿ ಪಡುವುದು ಅವರ ಪದ್ಧತಿ.

ಎಂಟು ವಾರ ಗುಂಡಿಯನ್ನು ಕಲಕುವಂತಿಲ್ಲ, ಖಾಲಿ ಮಾಡುವಂತಿಲ್ಲ, ಒಂದು ಹನಿ ನೀರು ಹಾಕುವಂತಿಲ್ಲ. ಬಗ್ಗಡದ, ಅಂದರೆ ಗುಂಡಿಯ ಸಗಣಿ-ಉಚ್ಚೆಯ ರಾಡಿಯ, ಹದ ಬದಲಾದರೆ ಅಳತೆಗೆ ಬೆಲೆಯಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿ ಬಂದೆ.

ಎರಡನೇ ಶೆಡ್ಡಿನ ಕೆಲಸದವಳು ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಕೆಲಸ ಕೊಡಿಸಿದವಳು ನಾನೇ. ‘ದೊಡ್ಡ ಸೊಸೆ ಪುಸ್ತಕ ಹಿಡಿದಳು, ಚಿಕ್ಕವಳು ಬಕೆಟ್ಟು ಹಿಡಿದಳು’ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಓರಗಿತ್ತಿ ನನ್ನ ನೋಟೀಸನ್ನು ಬೆರಳಿಟ್ಟು ಓದಿದಳು.

“ಅಕ್ಕ, ಹಂದಿಗಳು ಉಚ್ಚೆ ಹೊಯ್ದ್ರೆ? ಅದೂ ನೀರೇ ಅಲ್ವಾ?”

“ಅವಕ್ಕೆ ವಿನಾಯಿತಿ.”

“ನಮಗಿಂತ ಅವೇ ವಾಸಿ ಬಿಡಿ.”

ನವೆಂಬರ್ 6, ಗುರುವಾರ

ಮೊದಲ ಅಳತೆ. ಗುಂಡಿಯ ಮೇಲೆ ಒಂದು ಡಬ್ಬ ಕವುಚಿಟ್ಟು, ಒಂದು ಗಂಟೆಯಲ್ಲಿ ಅದರೊಳಗೆ ಎಷ್ಟು ಮೀಥೇನ್ ಸೇರಿತೆಂದು ನೋಡುವುದು. ಎರಡೂ ಶೆಡ್ಡಿನಲ್ಲಿ ಒಂಬತ್ತು ಲೀಟರ್. ಹೊಸ ಮೇವು ಇನ್ನೂ ಕೆಳಗಿಳಿದಿಲ್ಲ.

ನಾನು ಶೆಡ್ಡಿನ ಒಳಗೆ ಹೋಗುವುದಿಲ್ಲ. ಹೋಗಬಾರದೆಂದೇನೂ ಇಲ್ಲ, ಆದರೆ ಬಾಗಿಲಲ್ಲಿ ನಿಂತರೆ ಸಾಕಾಗುವಾಗ ಒಳಗೇಕೆ? ಡಬ್ಬ ಇಡುವುದು, ಬಗ್ಗಡದ ಸೀಸೆ ತುಂಬುವುದು, ಕೋಲು ಇಳಿಸಿ ಆಳ ನೋಡುವುದು ಎಲ್ಲ ಓರಗಿತ್ತಿಯ ಪಾಲು.

“ಅಲ್ಲೇ ಇರಿ ಅಕ್ಕ,” ಎಂದು ಒಳಗಿಂದ ಕೂಗಿದಳು. “ಬಿಳಿ ಕೋಟು ನೋಡಿದ್ರೆ ಇವಕ್ಕೆ ಸೂಜಿ ನೆನಪಾಗತ್ತೆ. ನಿಮಗೂ ವಾಸನೆ ಆಗಲ್ಲ.”

“ನನಗೇನು ಆಗಲ್ಲ? ನನ್ನ ಸಂಶೋಧನೆಯೆಲ್ಲ ಸಗಣಿ ಶೋಧನೆಯೇ.”

“ಶೋಧನೆ ನಿಮ್ದು, ಸಗಣಿ ನಮ್ದು,” ಎಂದು ಸೀಸೆ ತಂದು ಕೈಗಿತ್ತಳು. ಈ ಮಾತು ಮನೆಗೆ ಬಂದ ಮೇಲೂ ಸ್ವಲ್ಪ ಚುಚ್ಚಿತು. ಶಾಲೆ ಬಿಟ್ಟವಳ ನಾಲಿಗೆಗೆ ಇಷ್ಟು ಮೊನೆ ಇರಬಾರದು.

ನವೆಂಬರ್ 20, ಗುರುವಾರ

ಹದಿಮೂರು ಲೀಟರ್. ಒಂದನೇ ಶೆಡ್ಡು ಒಂಬತ್ತರಲ್ಲೇ ಇದೆ. ಹೆಚ್ಚುಕಮ್ಮಿ ನನ್ನ ಲೆಕ್ಕ ಸರಿ. ಮನೆಯಲ್ಲಿ ಇವರ ಮುಂದೆ ಜಂಬ ಕೊಚ್ಚಿಕೊಂಡೆ. ‘ಒಟ್ಟಿನಲ್ಲಿ ನಿನ್ನ ಭವಿಷ್ಯವೆಲ್ಲ ಗಾಳಿಯಲ್ಲಿದೆ’ ಎಂದರು. ಗಂಡಸರ ಹಾಸ್ಯ.

ಆದರೆ ನೊರೆ ಬಂದಿದೆ. ಕಂದುಬಣ್ಣದ, ಗಟ್ಟಿ ನೊರೆ. ಕೋಲು ಚುಚ್ಚಿ ತೆಗೆದರೆ ತೂತು ಹಾಗೆಯೇ ಉಳಿಯುತ್ತದಂತೆ. ಇದರ ಬಗ್ಗೆ ಓದಿದ್ದೇನೆ. ಮೇವಿನಲ್ಲಿ ನಾರು ಮತ್ತು ಎಣ್ಣೆ ಹೆಚ್ಚಾದಾಗ ಕೆಲವು ಗುಂಡಿಗಳಲ್ಲಿ ಜೀವಾಣುಗಳ ಅಂಟು ಸೇರಿ ಗುಳ್ಳೆಗಳು ಒಡೆಯದಷ್ಟು ಬಲವಾಗುತ್ತವೆ. ಒಳಗಿನ ಮೀಥೇನ್ ಹೊರಗೆ ಬರಲಾರದೆ ಅಲ್ಲೇ ಮಲಗುತ್ತದೆ. ಮಲಗಿದ್ದರೆ ತೊಂದರೆಯಿಲ್ಲ. ಎಲ್ಲ ಒಟ್ಟಿಗೆ ಎದ್ದರೆ, ಅಲ್ಲೊಂದು ಉರಿ ಇದ್ದರೆ, ಶೆಡ್ಡು ಇರುವುದಿಲ್ಲ. ನಮ್ಮಲ್ಲಿ ಉರಿ ಇದೆ. ಚಳಿಗೆ ಮರಿಗಳ ಮೇಲೆ ನಾಲ್ಕು ಗ್ಯಾಸ್ ಹೀಟರ್ ತೂಗುತ್ತಿವೆ. ಶೆಡ್ಡಿನ ಪಕ್ಕದ ಪರದೆಗಳನ್ನೂ ಗಾಳಿಯಾಡದಂತೆ ಪೂರ್ತಿ ಇಳಿಸಿದ್ದೇವೆ.

ಅದಕ್ಕೇ ಕೋಲಿನ ಮೇಲೆ ಕೆಂಪು ಗೆರೆ ಎಳೆದೆ. ನೊರೆ ಆ ಗೆರೆ ಮುಟ್ಟಿದರೆ ಪ್ರಯೋಗ ಬಂದ್. ಇವತ್ತು ನಾಲ್ಕು ಬೆರಳು ಕೆಳಗಿತ್ತು.

“ಮುಟ್ಟಿದ್ರೆ ಏನಾಗತ್ತೆ?” ಎಂದು ಕೇಳಿದಳು ಓರಗಿತ್ತಿ.

“ಪ್ರಯೋಗ ನಿಲ್ಲಿಸ್ಬೇಕು ಕಣೆ. ಆಗ ನನ್ನ ಕತೆ ಮುಗೀತು.”

“ಅಯ್ಯೋ, ಮುಗಿಯೋಕೆ ಬಿಡ್ತೀನಾ,” ಎಂದಳು.

ಗ್ಯಾಸಿನ ವಿಷಯ ಅವಳಿಗೆ ಹೇಳಬೇಕಿತ್ತೇನೋ. ಹೆದರಿಸುವುದು ಬೇಡವೆನಿಸಿತು. ಹೇಳಿದರೆ ಮೈದುನನಿಗೆ ಹೇಳುತ್ತಾಳೆ, ಅವನು ಅತ್ತೆಗೆ, ಅತ್ತೆ ಊರಿಗೆ. ಮೀಥೇನ್ ಕೂಡ ಅಷ್ಟು ಬೇಗ ಹಬ್ಬುವುದಿಲ್ಲ.

ನವೆಂಬರ್ 27, ಗುರುವಾರ

ನೊರೆ ಇಳಿದಿದೆ! ಗೆರೆಗೆ ಒಂದು ಮೊಳ ಕೆಳಗೆ. ಮೀಥೇನ್ ಆರು ಲೀಟರ್. ಹಳೆಯ ಮೇವಿಗಿಂತಲೂ ಕಮ್ಮಿ.

ಮೂರು ಸಲ ಓದಿದೆ. ಮೀಟರನ್ನು ತಟ್ಟಿ ಓದಿದೆ. ಆರು.

“ಖುಷಿನಾ ಅಕ್ಕ?” ಎಂದು ಕೇಳಿದಳು ಓರಗಿತ್ತಿ. ಅವಳ ಮುಖ ನನಗಿಂತ ಹಿಗ್ಗಿತ್ತು.

ಖುಷಿಯಾಗಬೇಕಿತ್ತು.

ಡಿಸೆಂಬರ್ 1, ಸೋಮವಾರ

ದೊಡ್ಡವರು ಎದ್ದು ನಿಂತು ಕೈಕುಲುಕಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಅವರಿಗೂ ಕಾಲುಗಳಿವೆ ಎಂದು ಗೊತ್ತಾಯಿತು.

“ನೋಡಿ ಮೇಡಂ, ನಾನು ಹೇಳಿರ್ಲಿಲ್ವಾ? ಚರಟ ತಿನ್ಸಿದ್ರೆ ಗ್ಯಾಸ್ ಕಮ್ಮಿ. ಹದಿನೈದನೇ ತಾರೀಕಿಂದ ಮೂರು, ನಾಲ್ಕು, ಐದು, ಎಲ್ಲ ಶೆಡ್ಡಿಗೂ ಇದೇ ಮೇವು.”

“ಸರ್, ಒಂದೇ ವಾರದ ಅಂಕಿ.”

“ಒಳ್ಳೇ ಅಂಕಿ ಒಂದೇ ಸಾಕು ಮೇಡಂ.”

ಮನೆಗೆ ಬಂದು ಮತ್ತೆ ಲೆಕ್ಕ ಹಾಕಿದೆ. ತಿಂದ ನಾರು ಇಷ್ಟು, ಮೈಗೆ ಹತ್ತಿದ್ದು ಇಷ್ಟು, ಗುಂಡಿಗೆ ಬಿದ್ದದ್ದು ಇಷ್ಟು. ಇಷ್ಟರಿಂದ ಹದಿನಾಲ್ಕು ಲೀಟರಿಗೆ ಕಮ್ಮಿ ಬರಲು ಸಾಧ್ಯವಿಲ್ಲ. ಎಂಟು ಲೀಟರ್ ಕಾಣೆಯಾಗಿದೆ. ಗಂಟೆಗೆ ಎಂಟು, ಅದೂ ಒಂದು ಡಬ್ಬದಡಿ. ಇಡೀ ಗುಂಡಿಗೆ ಎಷ್ಟು ಡಬ್ಬ ಹಿಡಿಯುತ್ತವೆಂದು ಗುಣಿಸಲು ಕುಳಿತವಳು ಅರ್ಧಕ್ಕೇ ನಿಲ್ಲಿಸಿದೆ.

ಕೆಟ್ಟ ಅಂಕಿ ಬಂದಾಗ ಬೇಜಾರಾಗಿದೆ, ಸಿಟ್ಟು ಬಂದಿದೆ. ಒಳ್ಳೆಯ ಅಂಕಿಗೆ ಹೆದರಿದ್ದು ಇದೇ ಮೊದಲು.

ಡಿಸೆಂಬರ್ 4, ಗುರುವಾರ

ಐದು.

ಡಿಸೆಂಬರ್ 5, ಶುಕ್ರವಾರ

ನಮ್ಮ ಪ್ರಯೋಗಾಲಯದ ವರದಿ ಸದಾ ಒಂದು ವಾರ ತಡ. ಇವತ್ತು ನವೆಂಬರ್ 27ರ ಬಗ್ಗಡದ್ದು ಬಂತು. ನೂರು ಪಾಲು ಬಗ್ಗಡದಲ್ಲಿ ಒಣಪದಾರ್ಥ 7.2. ಅದಕ್ಕೆ ಹಿಂದಿನ ವಾರ 8.6 ಇತ್ತು. ನಾರು ತಿನ್ನಿಸುತ್ತಿದ್ದೇನೆ, ಬಗ್ಗಡ ಗಟ್ಟಿಯಾಗಬೇಕು, ತೆಳ್ಳಗಾಗುತ್ತಿದೆ. ಮರಿಗಳು ನೀರು ಕುಡಿಯುವ ನಳಿಗೆಗಳು ಸೋರುತ್ತಿರಬಹುದೇ? ಬಾಗಿಲಿಂದಲೇ ಕೇಳಿದೆ. ಇಪ್ಪತ್ತನಾಲ್ಕು ನಳಿಗೆಗಳನ್ನೂ ಒಂದೊಂದಾಗಿ ಒಣಬಟ್ಟೆಯಲ್ಲಿ ಒರೆಸಿ ನೋಡಿದಳು. ಒಂದೂ ಸೋರುತ್ತಿಲ್ಲ.

“ನೀವ್ಯಾಕೆ ಅಕ್ಕ ಇಷ್ಟು ಬಾಡಿದೀರಿ? ಗ್ಯಾಸ್ ಇಳಿದಿದೆ, ನೊರೆ ಇಳಿದಿದೆ, ನೀವೂ ಇಳೀತಿದೀರಿ.”

ಅವಳು ನಗಿಸಲೆಂದೇ ಹೇಳಿದ್ದು. ನಗು ಬರಲಿಲ್ಲ. ಅವಳ ಹಿಂದೆ ಹೀಟರಿನ ಉರಿ ನೀಲಿಯಾಗಿ, ಸಣ್ಣಗೆ, ಏನೂ ಗೊತ್ತಿಲ್ಲದ ಹಾಗೆ ಉರಿಯುತ್ತಿತ್ತು.

ಸಂಜೆ ಮನೆಯಲ್ಲಿ ಒಲೆ ಹಚ್ಚುವ ಮುಂಚೆ ಕಿಟಕಿ ತೆಗೆದೆ. ಇವರು ಚಳಿಯೆಂದು ಮುಚ್ಚಿದರು. ಮತ್ತೆ ತೆಗೆದೆ. ಎರಡನೇ ಸಲ ಮುಚ್ಚಲು ಬಂದವರು ನನ್ನ ಮುಖ ನೋಡಿ ಸ್ವೆಟರ್ ಹಾಕಿಕೊಂಡು ಕುಳಿತರು.

ಡಿಸೆಂಬರ್ 10, ಬುಧವಾರ

ಗುರುವಾರಕ್ಕೆ ಕಾಯಲಾಗಲಿಲ್ಲ. ಮಧ್ಯಾಹ್ನ ಟಾರ್ಚು ಹಿಡಿದು ಎರಡನೇ ಶೆಡ್ಡಿಗೆ ಹೋದೆ. ಒಳಗೆ ಹೋದೆ. ಬುಧವಾರ ಓರಗಿತ್ತಿಗೆ ರಜ. ಬದಲಿ ಕೆಲಸದವನು ಮೇವು ಸುರಿದು ಹೋಗಿದ್ದ.

ನೆಲದ ಸಂದಿಯೊಳಗೆ ಟಾರ್ಚು ಬಿಟ್ಟೆ. ಕತ್ತಲೆ ಕಾಣಬೇಕಿತ್ತು. ನೊರೆ ಕಂಡಿತು. ಟಾರ್ಚಿನ ಗಾಜಿನಿಂದ ಒಂದು ಗೇಣೂ ಇಲ್ಲ. ಮೂಲೆಯಲ್ಲಿ ಸಂದಿಗಳಿಂದ ಮೇಲೆ ಉಕ್ಕಿ, ಮಲಗಿದ್ದ ಒಂದು ಮರಿಯ ಹೊಟ್ಟೆಗೆ ತಾಗುತ್ತಿತ್ತು. ಆ ಮರಿ ನೆಕ್ಕಿ ನೋಡಿ, ರುಚಿಸದೆ, ನನ್ನ ಕಡೆ ತಿರುಗಿತು. ಇದನ್ನು ಬರೆದುಕೊಟ್ಟವಳು ನೀನೇ ಅಲ್ಲವೇ ಎನ್ನುವ ಹಾಗೆ.

ಹೋದ ಗುರುವಾರ ಇದೇ ನೊರೆ ಒಂದು ಮೊಳ ಕೆಳಗಿತ್ತು. ನಾಳೆ ಮತ್ತೆ ಕೆಳಗಿರುತ್ತದೆಯೇ? ಬುಧವಾರ ಮೇಲೆ, ಗುರುವಾರ ಕೆಳಗೆ, ನನ್ನ ವೇಳಾಪಟ್ಟಿ ನೊರೆಗೆ ಹೇಗೆ ಗೊತ್ತು?

ಕೆಂಪು ಗೆರೆ ಎಂದೋ ಮುಳುಗಿದೆ. ಈಗಲೇ ನಿಲ್ಲಿಸಬೇಕು. ನಿಯಮ ನನ್ನದೇ. ದೊಡ್ಡವರ ಕೋಣೆಯವರೆಗೆ ಹೋದೆ. ಹೊರಗಿನಿಂದ ಬಂದವರ ಜೊತೆ ಅದೇ ಐದು ಲೀಟರಿನ ಮಾತಾಡುತ್ತಿದ್ದರು. ವಾಪಸು ಬಂದೆ. ನಾಳೆಯ ಅಳತೆ ಒಂದು ಆಗಿಬಿಡಲಿ, ಕೈಯಲ್ಲಿ ಅಂಕಿ ಹಿಡಿದು ಹೋಗೋಣ ಎಂದುಕೊಂಡೆ. ಓರಗಿತ್ತಿಗೆ ಫೋನು ಮಾಡಿದೆ, ತವರಿಗೆ ಹೋಗಿದ್ದಾಳೆ, ಎತ್ತಲಿಲ್ಲ.

ಒಂದು ದಿನ ತಾನೆ.

ಡಿಸೆಂಬರ್ 11, ಗುರುವಾರ

ಬರೆಯುತ್ತೇನೆ. ಇವತ್ತೇ ಬರೆಯಬೇಕು. ನಾಳೆಗೆ ಇಷ್ಟು ಸರಿಯಾಗಿ ನೆನಪಿರಬಾರದೆಂದು ಆಸೆ, ಆದರೂ.

ಬೆಳಿಗ್ಗೆ ಎಂಟೂಕಾಲಿಗೆ ಮೇಜಿನ ಮೇಲೆ ಡಿಸೆಂಬರ್ 4ರ ವರದಿ ಇತ್ತು. ಒಣಪದಾರ್ಥ 6.3. ಅಂಕಿಗಳನ್ನು ಒಂದರ ಕೆಳಗೊಂದು ಬರೆದೆ: 8.6, 7.2, 6.3. ಪಕ್ಕದಲ್ಲಿ ಮೀಥೇನ್: ಹದಿಮೂರು, ಆರು, ಐದು. ಎರಡೂ ಕೂಡಿ ಇಳಿಯುತ್ತಿವೆ. ನಳಿಗೆ ಸೋರಿಲ್ಲ. ಮಳೆ ಒಳಗೆ ಬರುವುದಿಲ್ಲ. ಹಾಗಾದರೆ ಯಾರೋ ನೀರು ಹಾಕುತ್ತಿದ್ದಾರೆ. ಗುರುವಾರ ಹಾಕುತ್ತಿದ್ದಾರೆ. ನಾನು ಬರುವ ಮುಂಚೆ ಹಾಕುತ್ತಿದ್ದಾರೆ. ಶೆಡ್ಡು ತೊಳೆಯುವ ಪೈಪಿನ ಬಿರುಸಿಗೆ ನೊರೆ ಒಡೆಯುತ್ತದೆ, ಅದರಲ್ಲಿ ವಾರವಿಡೀ ಮಲಗಿದ್ದದ್ದೆಲ್ಲ ಒಂದೇ ಸಲ ಏಳುತ್ತದೆ, ಹತ್ತು ಗಂಟೆಗೆ ನಾನು ಡಬ್ಬ ಇಡಿಸುವಾಗ ಉಳಿದದ್ದು ಐದು ಲೀಟರ್.

‘ಅಯ್ಯೋ, ಮುಗಿಯೋಕೆ ಬಿಡ್ತೀನಾ.’

ಕುರ್ಚಿ ಹಿಂದೆ ಬಿದ್ದ ಸದ್ದು ಕೇಳಿಸಿತು. ಅವಳ ಫೋನು ಬಟ್ಟೆ ಬದಲಿಸುವ ಕೋಣೆಯಲ್ಲಿರುತ್ತದೆ, ಮಾಡಿ ಪ್ರಯೋಜನವಿಲ್ಲ. ಓಡಿದೆ. ನಾಲ್ಕು ನಿಮಿಷದ ದಾರಿ. ಶೆಡ್ಡಿನ ಹತ್ತಿರ ಬರುತ್ತಲೇ ಪೈಪಿನ ಸದ್ದು, ಅದರೊಳಗೆ ಅವಳ ಹಾಡು.

ಹೊರಗೋಡೆಗೆ ಗ್ಯಾಸ್ ಸಿಲಿಂಡರುಗಳಿವೆ. ಮೊದಲು ಉರಿ ಆರಿಸಬೇಕು ಎನ್ನುವಷ್ಟು ಬುದ್ಧಿ ಉಳಿದಿತ್ತು. ದೊಡ್ಡ ತಿರುಗಣೆಯನ್ನು ಎರಡೂ ಕೈಯಲ್ಲಿ ತಿರುಗಿಸಿ ಮುಚ್ಚಿದೆ. ಗೋಡೆಯಾಚೆ ಹೀಟರುಗಳು ಒಂದೊಂದಾಗಿ ಆರಿದ ಶಬ್ದ ಬಂತು. ಉಸಿರು ಬಿಟ್ಟೆ.

ಆಮೇಲೆ ಟಕ್ ಎಂದಿತು.

ನಾನು ಮರೆತಿದ್ದೆ. ಉರಿ ತಾನಾಗಿ ಆರಿದರೆ ಆ ಹೀಟರುಗಳು ತಾವೇ ಕಿಡಿ ಹೊಡೆದು ಹಚ್ಚಿಕೊಳ್ಳಲು ನೋಡುತ್ತವೆ. ಮರಿಗಳಿಗೆ ಚಳಿಯಾಗದಿರಲೆಂದು ಕಳೆದ ವರ್ಷ ನಾವೇ ಆರಿಸಿ ತರಿಸಿದ ಜಾತಿ. ಮೂರು ಸಲ ಪ್ರಯತ್ನಿಸುತ್ತವೆ. ನಾಲ್ಕು ಹೀಟರು, ಮೂರು ಸಲ. ಟಕ್. ಟಕ್ ಟಕ್. ಗೋಡೆಗೆ ಕೈಯಿಟ್ಟು ನಿಂತಿದ್ದೆ. ಗೋಡೆ ಕೈಗೆ ತಣ್ಣಗಿತ್ತು. ಇನ್ನೊಂದು ಕ್ಷಣದಲ್ಲಿ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಒಳಗೆ ಹಾಡು ನಡೆದೇ ಇತ್ತು. ಎಣಿಸಿದೆ. ಒಂಬತ್ತು, ಹತ್ತು, ಹನ್ನೊಂದು. ಹನ್ನೆರಡನೆಯದು ಬರಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ ಬರುವುದೇ ಇಲ್ಲವೆಂದುಕೊಂಡೆ. ಬಂತು. ಆಮೇಲೆ ಏನೂ ಆಗಲಿಲ್ಲ.

ಬಾಗಿಲು ತೆರೆದು ಒಳಗೆ ಹೋದೆ. ನೆಲದಡಿಯಿಂದ ಸುಯ್ಯೆಂಬ ಸದ್ದು, ಸಾವಿರ ಬಾಯಿಗಳು ಒಟ್ಟಿಗೆ ಉಸಿರು ಬಿಟ್ಟಂತೆ. ಅವಳು ಪೈಪಿನ ಮೂತಿಯನ್ನು ಸಂದಿಗೆ ಒತ್ತಿ ಹಿಡಿದು ನಿಂತಿದ್ದಳು. ಮೊಣಕಾಲವರೆಗೆ ಒದ್ದೆ.

“ಅಕ್ಕ! ನೀವು ಒಳಗೆ?”

“ನೀರು ನಿಲ್ಲಿಸು.”

ನಿಲ್ಲಿಸಿದಳು. ಮುಖ ಕೆಂಪಾಯಿತು. “ಬೈಬೇಡಿ ಅಕ್ಕ. ಗೆರೆ ಮುಟ್ಟಿತ್ತು. ನಿಮ್ಮ ಪ್ರಯೋಗ ನಿಂತುಹೋಗತ್ತಲ್ಲಾಂತ... ಬರೀ ನೊರೆ ಅಲ್ವಾ, ಎರಡು ನಿಮಿಷ ಹೊಡೆದ್ರೆ ಕೂತ್ಕೊಳತ್ತೆ.”

“ಸರಿ. ಹೊರಗೆ ಬಾ.”

“ಹೀಟರು ಯಾಕೋ ಆರಿಹೋಯ್ತು ನೋಡಿ. ನಿಮ್ಮ ಮುಖ ಯಾಕೆ ಹಂಗಿದೆ? ವಾಸನೆ ತಾನೆ? ನಿಮಗೆ ಅಭ್ಯಾಸ ಇಲ್ಲ. ತಾಳಿ, ಫ್ಯಾನು ಹಾಕ್ತೀನಿ.”

ಕೈ ಚಾಚಿದಳು. ಗೋಡೆಯ ಮೇಲಿನ ಆ ಹಳೆಯ ಸ್ವಿಚ್ಚು ಒತ್ತಿದಾಗಲೆಲ್ಲ ಒಳಗೆ ಒಂದು ಸಣ್ಣ ನೀಲಿ ಮಿಂಚು ಕಾಣುತ್ತದೆ. ಅದನ್ನು ಬದಲಿಸಲು ಎರಡು ಸಲ ಅರ್ಜಿ ಬರೆದವಳು ನಾನು. ಮಾತಿನ ಮಲ್ಲಿ ಎಂದು ಕಾಲೇಜಿನಲ್ಲಿ ಹೆಸರಿದ್ದವಳಿಗೆ ‘ಬೇಡ’ ಎಂಬ ಎರಡಕ್ಷರ ಬರಲಿಲ್ಲ. ಅವಳ ಮಣಿಕಟ್ಟು ಹಿಡಿದೆ. ಬೆರಳ ತುದಿಗೂ ಸ್ವಿಚ್ಚಿಗೂ ನಡುವೆ ಒಂದು ಬಳೆ ಹಿಡಿಸುವಷ್ಟು ಜಾಗ.

ಅವಳು ನನ್ನ ಕೈ ನೋಡಿದಳು. ಆಮೇಲೆ ನನ್ನ ಮುಖ. ಚಾಚಿದ ಕೈ ಇಳಿಸಿದಳು.

ಏನೂ ಮುಟ್ಟದೆ, ಓಡದೆ, ಇಬ್ಬರೂ ಬಾಗಿಲವರೆಗೆ ನಡೆದೆವು. ಹದಿನೆಂಟು ಹೆಜ್ಜೆ. ಹೊರಗೆ ಬಂದು ಪರದೆ ಎತ್ತುವ ಹಿಡಿಕೆ ತಿರುಗಿಸಿದೆವು, ಅವಳು ಆ ಪಕ್ಕ, ನಾನು ಈ ಪಕ್ಕ. ಅರವತ್ತು ಸುತ್ತು ಬೇಕು. ನಲವತ್ತಕ್ಕೆ ನನ್ನ ತೋಳು ಸತ್ತಿತು. ಅವಳು ತನ್ನದು ಮುಗಿಸಿ ಬಂದು ನನ್ನದನ್ನೂ ತಿರುಗಿಸಿದಳು. ಚಳಿಗಾಳಿ ನುಗ್ಗಿ ಮರಿಗಳು ಕಿರುಚಿಕೊಂಡವು. ಅಷ್ಟು ಚೆಂದದ ಸದ್ದು ನಾನು ಕೇಳಿಲ್ಲ.

ಹುಲ್ಲಿನ ಮೇಲೆ ಕುಳಿತು ಎಲ್ಲ ಹೇಳಿದೆ. ನೊರೆಯೊಳಗೆ ಏನಿತ್ತು, ಹೀಟರು ಏಕೆ ಆರಿಸಿದೆ, ಸ್ವಿಚ್ಚು ಏಕೆ ಬೇಡ. ಮೂರು ವಾರ ಮೊದಲೇ ಹೇಳಬೇಕಾದದ್ದು. ಅವಳು ಗಮನವಿಟ್ಟು ಕೇಳಿದಳು.

“ಅದಕ್ಕೇನಾ,” ಎಂದಳು. “ಹೋದ ವಾರ ನೀರು ಹೊಡೀತಿದ್ರೆ ಹೀಟರಿನ ಉರಿ ಹಳದಿಯಾಗಿ ಇಷ್ಟುದ್ದ ಎದ್ದಿತ್ತು. ಮರಿಗಳೆಲ್ಲ ತಲೆಯೆತ್ತಿ ನೋಡ್ತಿದ್ವು. ನಾನೂ ನೋಡ್ದೆ. ಚೆನ್ನಾಗಿತ್ತು.”

ಅವಳ ಬೆನ್ನಿಗೆ ಒಂದು ಗುದ್ದು ಗುದ್ದಿದೆ. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲಾಗಲಿಲ್ಲ.

ಡಿಸೆಂಬರ್ 12, ಶುಕ್ರವಾರ

ಮರಿಗಳನ್ನು ಖಾಲಿ ಇದ್ದ ಆರನೇ ಶೆಡ್ಡಿಗೆ ಸಾಗಿಸಿದೆವು. ಹಳೆಯ ಮೇವು ಕೊಟ್ಟೆ.

ದೊಡ್ಡವರು ಎಲ್ಲ ಕೇಳಿ, ಕನ್ನಡಕ ಒರೆಸಿ, ಮೆತ್ತಗೆ ಮಾತಾಡಿದರು. ಅವರು ಕೂಗಿದರೆ ನನಗೆ ಭಯವಿಲ್ಲ. ಮೆತ್ತಗಾದರೆ ಇದೆ.

“ಮೇಡಂ, ನೀರು ಹಾಕಿದ್ದು ನೀವು ಬರೆದ್ರೆ ಆಯಮ್ಮನ ಕೆಲಸ ಹೋಗತ್ತೆ. ನೋಟೀಸು ಬಾಗಿಲಲ್ಲೇ ಇದೆಯಲ್ಲ. ನಿಮ್ಮ ಮನೆಯವರೇ ಅಂತೆ. ಬರೀಲಿಲ್ಲ ಅಂದ್ರೆ ಯಾರಿಗೂ ಏನೂ ಇಲ್ಲ. ಆರೂ ಐದೂ ಹಾಗೇ ಇರ್ಲಿ. ಸೋಮವಾರ ಮೇವಿನ ಲಾರಿ ಬರತ್ತೆ.”

“ಸರ್, ಆ ಮೂರು ಶೆಡ್ಡಲ್ಲೂ ನೊರೆ ಬರತ್ತೆ. ಅಲ್ಲೂ ಹೀಟರಿದೆ. ಅಲ್ಲೂ ಜನ ಇದಾರೆ.”

“ಅವರಿಗೆ ನೀರು ಹಾಕ್ಬೇಡಿ ಅಂತ ನೋಟೀಸು ಅಂಟಿಸೋಣ.”

ಅಂಟಿಸೋಣವಂತೆ. ನನ್ನದೂ ಅಂಟಿಕೊಂಡೇ ಇತ್ತು, ಇಡೀ ಹೊತ್ತು, ದಪ್ಪ ಅಕ್ಷರದಲ್ಲಿ.

ಏನೂ ಹೇಳದೆ ಎದ್ದು ಬಂದೆ. ಹೇಳದೆ ಬಂದದ್ದು ಒಪ್ಪಿದಂತೆ ಕಂಡಿರಬಹುದು. ಅದೂ ಈಗ ಹೆದರಿಸುತ್ತಿದೆ.

ಡಿಸೆಂಬರ್ 14, ಭಾನುವಾರ

ವರದಿ ಬರೆದುಕೊಂಡು ಓರಗಿತ್ತಿಯ ಮನೆಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ಕುಳಿತು ಓದಿ ಹೇಳಿದೆ. ಚರಟದ ಮೇವಿನಿಂದ ನೊರೆ ಬಂತು. ಅಳತೆಗೆ ಮುಂಚೆ ನೊರೆಯನ್ನು ನೀರಿನಿಂದ ಒಡೆಯಲಾಯಿತು. ಅಪಾಯವನ್ನು ಕೆಲಸದವರಿಗೆ ತಿಳಿಸದೆ ಇದ್ದದ್ದು ನನ್ನ ತಪ್ಪು. ನವೆಂಬರ್ 27ರಿಂದೀಚಿನ ಅಂಕಿಗಳು ಸುಳ್ಳು. ಈ ಮೇವನ್ನು ಬೇರೆ ಶೆಡ್ಡಿಗೆ ಕೊಡಬಾರದು. ಅವಳ ಕೆಲಸ ಉಳಿಯಲೆಂದು ‘ಒಡೆಯಲಾಯಿತು’ ಎಂದಷ್ಟೇ ಬರೆದಿದ್ದೆ. ಯಾರು ಎಂದು ಬರೆದಿರಲಿಲ್ಲ. ನಮ್ಮ ವರದಿಗಳಲ್ಲಿ ಎಲ್ಲವೂ ತಾನಾಗಿ ಮಾಡಲಾಗುತ್ತದೆ.

“ಯಾರು ಒಡೆದ್ರು?” ಎಂದಳು.

“ಅದು ಬೇಡ ಬಿಡು.”

“ಬೇಡ ಅಂದ್ರೆ? ಬೆಳಿಗ್ಗೆ ಬೆಳಿಗ್ಗೆ ಒದ್ದೆಯಾದವಳು ನಾನು. ಬರೀರಿ.”

“ಕೆಲಸ ಹೋಗತ್ತೆ ಕಣೆ.”

ಅವಳು ಒಲೆಯ ಮೇಲಿದ್ದ ಪಾತ್ರೆ ಇಳಿಸಿದಳು. ಕಿಟಕಿ ತೆರೆದೇ ಇತ್ತು, ನಾನು ಬರುವ ಮುಂಚೆಯೇ. “ಅಕ್ಕ, ಮೂರನೇ ಶೆಡ್ಡಿನವಳು ನನಗಿಂತ ಚೊಕ್ಕ. ನೊರೆ ಕಂಡ್ರೆ ಬಿಡ್ತಾಳಾ? ನೀವು ನೀರು ಹಾಕ್ಬಾರ್ದು ಅಂತ ಬರೆದ್ರೆ ಯಾರೂ ಕೇಳಲ್ಲ, ನಾನು ಕೇಳಿದ್ನಾ? ನಾನು ಹೇಗೆ ಹಾಕ್ದೆ, ಆಗ ಉರಿ ಹೇಗೆ ಎದ್ದಿತು, ಕೈ ಎಲ್ಲಿಗೆ ಹೋಗಿತ್ತು, ಅದನ್ನ ಬರೀರಿ. ಆವಾಗ ಹೆದರ್ತಾಳೆ.”

ಅವಳು ಹೇಳಿದಳು, ನಾನು ಬರೆದೆ. ಪೈಪು ಹಿಡಿದ ಕೋನ, ಗಂಟೆ, ಉರಿಯ ಬಣ್ಣ, ಎಷ್ಟು ಎತ್ತರ. ಒಂದೂವರೆ ಪುಟ. ಇಷ್ಟು ನಿಖರವಾದ ಪುಟ ಆ ವರದಿಯಲ್ಲಿ ಇನ್ನೊಂದಿಲ್ಲ. ಕೊನೆಯಲ್ಲಿ ಅವಳೇ ಸಹಿ ಹಾಕಿದಳು.

“ಕೆಲಸ ಹೋದ್ರೆ ಅತ್ತೆಗೆ ನೀವೇ ಹೇಳ್ಬೇಕು,” ಎಂದಳು. “ಗುಂಡಿಗೆ ಬೇಕಾದ್ರೂ ಇಳೀತೀನಿ, ಅದಾಗಲ್ಲ.”

ಡಿಸೆಂಬರ್ 15, ಸೋಮವಾರ

ಲಾರಿ ಒಂಬತ್ತಕ್ಕೆ ಬರುವುದಿತ್ತು. ಎಂಟಕ್ಕೆ ಎಲ್ಲ ಶೆಡ್ಡಿನವರನ್ನೂ ತೂಕದ ಕಟ್ಟೆಯ ಹತ್ತಿರ ಸೇರಿಸಿ ಆ ಒಂದೂವರೆ ಪುಟ ಓದಿದೆ. ಕಟ್ಟೆಯ ಮೇಲೆ ನಿಂತಿದ್ದೆ, ಅದರ ತೂಕದ ಮುಳ್ಳು ನಾನು ಓದುವಷ್ಟು ಹೊತ್ತೂ ನಿಲ್ಲಲಿಲ್ಲ. ಮೂರನೇ ಶೆಡ್ಡಿನವಳು ಬಾಯಿಗೆ ಸೆರಗು ಮುಚ್ಚಿಕೊಂಡಳು. ಅವರು ಯಾರೂ ಲಾರಿಯಿಂದ ಮೂಟೆ ಇಳಿಸಲಿಲ್ಲ. ಚಾಲಕ ಒಂದು ಗಂಟೆ ಕಾದು, ಬೈದು, ಮೂಟೆಗಳ ಸಮೇತ ಹಿಂದಿರುಗಿದ.

ದೊಡ್ಡವರ ಮೆಮೊ ಹನ್ನೊಂದಕ್ಕೆ ಬಂತು. ನನ್ನಿಂದ ವಿವರಣೆ ಬೇಕು. ಓರಗಿತ್ತಿ ವಿಚಾರಣೆ ಮುಗಿಯುವವರೆಗೆ ಯಾವ ಶೆಡ್ಡಿನ ಹೊಸ್ತಿಲನ್ನೂ ದಾಟಕೂಡದು. ನಡೆದದ್ದನ್ನೆಲ್ಲ ಅತ್ತೆಗೆ ನಾನೇ ಹೇಳಿದೆ. ಅವರು ‘ಇಬ್ಬರೂ ಇದ್ದೀರಲ್ಲ’ ಎಂದರು.

ಡಿಸೆಂಬರ್ 18, ಗುರುವಾರ

ಒಳಗೆ ಎಷ್ಟು ಅನಿಲವಿದೆಯೆಂದು ಬರೆದುಕೊಡದೆ, ಗುಂಡಿ ಖಾಲಿ ಮಾಡಲು ಕರೆಸಿದ ಟ್ಯಾಂಕರಿನವನು ಪೈಪು ಇಳಿಸಲಾರನಂತೆ. ಅವನ ತಪ್ಪಲ್ಲ. ಹಾಗಾಗಿ ಇವತ್ತು ಅಳೆಯಬೇಕಿತ್ತು. ಅಳೆಯುವವಳು ನಾನೇ, ಬೇರೆ ಯಾರೂ ಒಪ್ಪಲಿಲ್ಲ. ಪರದೆಗಳು ವಾರದಿಂದ ತೆರೆದಿವೆ, ವಿದ್ಯುತ್ತು ಕಡಿದಿದೆ, ಸಿಲಿಂಡರು ತೆಗೆದಿದೆ. ಆದರೂ ನೊರೆ ಇದೆ, ಅದರಡಿ ಮೀಥೇನಿನ ಜೊತೆ ಮನುಷ್ಯರನ್ನು ಒಂದೇ ಉಸಿರಿಗೆ ಕೆಡವುವ ಬೇರೆ ಅನಿಲವೂ ಇದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡೆ. ಇನ್ನೊಂದು ತುದಿ ಹಿಡಿಯಲು ಓರಗಿತ್ತಿ ಬಂದಿದ್ದಳು.

“ನಿನ್ನನ್ನ ಇಲ್ಲಿ ನೋಡಿದ್ರೆ ದೊಡ್ಡವರು...”

“ಹೊಸ್ತಿಲು ದಾಟಬಾರ್ದು ಅಂದಿದಾರೆ. ಹಗ್ಗ ಹಿಡೀಬಾರ್ದು ಅಂದಿಲ್ವಲ್ಲ.” ಹಗ್ಗವನ್ನು ಎರಡು ಸುತ್ತು ತನ್ನ ಕೈಗೆ ಸುತ್ತಿಕೊಂಡಳು. “ಅಕ್ಕ, ಮಾತಾಡ್ತಾ ಇರಿ. ನಿಮಗೇನು ಕಷ್ಟ ಅದು. ಮಾತು ನಿಂತ್ರೆ ಎಳೀತೀನಿ.”

ಒಳಗೆ ಹೋದೆ. ನೊರೆ ನೆಲದ ಮೇಲೆ ಬಂದು ಒಣಗಿ ಬಿರುಕು ಬಿಟ್ಟಿತ್ತು. ನನ್ನ ಪ್ರತಿ ಹೆಜ್ಜೆಯಡಿ ಸಣ್ಣದೊಂದು ಉಸಿರು ಬಿಡುತ್ತಿತ್ತು. ಏನು ಮಾತಾಡುವುದು? ಕೊನೆಗೆ ಕಂಡದ್ದನ್ನೇ ಗಟ್ಟಿಯಾಗಿ ಹೇಳುತ್ತಾ ಹೋದೆ. ಒಂದನೇ ಕಂಬ ಬಂತು ಕಣೆ. ಎರಡನೇ ಕಂಬ ಬಂತು. ನಳಿಗೆ ಇದೆ. ನೀನು ಒರೆಸಿದ ನಳಿಗೆ. ನನಗೆ ಭಯ ಆಗ್ತಿದೆ ಕಣೆ. “ಆಗ್ಲಿ, ಹೇಳ್ತಾ ಇರಿ,” ಎಂದಿತು ಬಾಗಿಲು.

ಮುಚ್ಚಳ ಎತ್ತಿ ನಳಿಕೆ ಇಳಿಸಿದೆ. ಮೀಟರಿನ ಮುಳ್ಳು ಏರತೊಡಗಿತು. ನೂರಕ್ಕೆ ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಮೂರು ಗುರುವಾರ ಅವಳು ಪೈಪು ಹಿಡಿದು ನಿಂತಿದ್ದ ಜಾಗದಲ್ಲೇ ನಿಂತಿದ್ದೆ. ನಲವತ್ತೋ ಐವತ್ತೋ ನೋಡೋಣವೆಂದು ಬಗ್ಗಿದೆ. ಓದುವಾಗ ಮನುಷ್ಯರು ಒಂದು ಕ್ಷಣ ಬಾಯಿ ಮುಚ್ಚುತ್ತಾರೆ.

ಸೊಂಟ ಕಿತ್ತು ಬಂದಂತಾಯಿತು. ಹಿಂದಕ್ಕೆ ಬಿದ್ದೆ, ಬಿದ್ದಲ್ಲಿ ನಿಲ್ಲಲೂ ಬಿಡದೆ ಆ ನೊರೆಯ ಮೇಲೆ ಅಂಗಾತ ಜಾರಿಸಿಕೊಂಡು ಎರಡನೇ ಕಂಬ, ಒಂದನೇ ಕಂಬ, ಹೊಸ್ತಿಲು, ಹುಲ್ಲು. ಅವಳು ನನ್ನ ಮೇಲೆ ಬಗ್ಗಿ ಎರಡೂ ಕೆನ್ನೆಗೆ ಪಟಪಟ ಬಡಿಯುತ್ತಾ ಅಕ್ಕ, ಅಕ್ಕ, ಅಕ್ಕ ಎನ್ನುತ್ತಿದ್ದಳು. ಅಂಗೈಯಲ್ಲಿ ಹಗ್ಗದ ಕೆಂಪು ಬರೆ ಎದ್ದಿತ್ತು.

“ಬದುಕಿದೀನಿ ಕಣೆ! ಓದ್ತಿದ್ದೆ!”

“ಓದೋದನ್ನ ಬಾಯಿಬಿಟ್ಟು ಓದಕ್ಕೇನು ನಿಮಗೆ?” ಎಂದು ಕಿರುಚಿ, ಅಲ್ಲೇ ಕುಸಿದು ಕುಳಿತು ಅತ್ತಳು.

ನಾನೂ ಪಕ್ಕದಲ್ಲಿ ಕುಳಿತೆ. ಅವಳ ಅಳು ಮುಗಿಯುವವರೆಗೆ ಕಾದು, ಎದ್ದು, ಗಂಟು ಸರಿಯಾಗಿದೆಯೇ ಎಂದು ನೋಡಿಕೊಂಡೆ. ಅಂಕಿ ಇನ್ನೂ ಸಿಕ್ಕಿರಲಿಲ್ಲ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹಗ್ಗ ಎತ್ತಿಕೊಂಡಳು, ಈ ಸಲ ಮೂರು ಸುತ್ತು. ನಾನು ಬಾಗಿಲಲ್ಲೇ ಮಾತು ಶುರು ಮಾಡಿ ಒಳಗೆ ಹೋದೆ.